ಮೈಬಣ್ಣವೂ ಮೈಗುಣವೂ

ಬಿಸಿಲು ಅಪರೂಪವಾದ ನಾಡಿನವರು ಹಣ ತೆತ್ತು ಮೈಯನ್ನು ಕಂದಿಸಿಕೊಳ್ಳುತ್ತಾರೆ. ಬಿಸಿಲಿನಲ್ಲಿಯೇ ಹುಟ್ಟಿ ಬಿಸಿಲಿನಲ್ಲಿಯೇ ಬೆಳೆದ ನಾವು ಹಣ ತೆತ್ತು ಮೈಯನ್ನು ಬೆಳ್ಳಗಾಗಿಸಿಕೊಳ್ಳಲು ಹವಣಿಸುತ್ತೇವೆ. ತನ್ನಲ್ಲಿಲ್ಲದುದಕ್ಕೆ ಆಸೆಪಡುವುದು ಮನುಷ್ಯಸ್ವಭಾವವೆಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ಎರಡು ಆಸೆಗಳೂ ಹಲವರನ್ನು ಕೊನೆಗೆ ಚರ್ಮವೈದ್ಯನ ಬಾಗಿಲಿಗೇ ತಂದು ನಿಲ್ಲಿಸುವುದನ್ನು ಕಂಡಾಗ, ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅಪ್ರಕೃತವಾಗಲಾರದೆಂದು ತೋರಿತು.

ಯೂರೋಪು ಅಮೆರಿಕಗಳ ಪಟ್ಟಣಗಳಲ್ಲಿ ಮೈ ಕಂದಿಸುವ ಅಂಗಡಿಗಳುಂಟು. ಆಳೊಬ್ಬ ನೀಳವಾಗಿ ಮಲಗಬಹುದಾದ ಒಂದು ಪೆಟ್ಟಿಗೆ. ಅದರ ತಳಕ್ಕೂ ಮುಚ್ಚಳಕ್ಕೂ ಸಾಲುಸಾಲಾಗಿ ಕೊಳವೆದೀಪಗಳು. ಅವುಗಳಿಂದ ಹೊರಡುವುದು ಮುಖ್ಯವಾಗಿ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಒಳಗೆ ಕೆಲವು ನಿಮಿಷ ಮಲಗಿ, ಹೀಗೆ ಹಲವು ಸಲ ಬಂದು ಹೋದರೆ, ಕಡಲತೀರದಲ್ಲಿ ವಾರಗಟ್ಟಲೆ ಬಿಸಿಲು ಕಾಯಿಸಿಕೊಂಡವರ ಬಣ್ಣ ಬರುತ್ತದೆ. ಗಿರಾಕಿಯನ್ನು ಒಳಗೆ ಬಿಡುವ ಮುನ್ನ ಅಂಗಡಿಯವರು ಒಂದು ಪ್ರಶ್ನಪತ್ರವನ್ನು ಕೈಗಿಡುವುದುಂಟು. ನಿಮ್ಮ ಚರ್ಮ ಆರು ವರ್ಗಗಳಲ್ಲಿ ಯಾವುದಕ್ಕೆ ಸೇರಿದ್ದು? ಬಿಸಿಲಿಗೆ ಹೋದರೆ ಸುಡುತ್ತದೆಯೆ, ಕಪ್ಪಾಗುತ್ತದೆಯೆ? ಉತ್ತರ ನೋಡಿ ನಿಮಿಷಗಳ ಲೆಕ್ಕ ಹಾಕುತ್ತಾರೆ. ವರ್ಗವನ್ನರಿತು ಮಲಗಿದರೆ ಅಪಾಯವಿಲ್ಲವೆಂಬ ಭರವಸೆ ಅದರ ಹಿಂದೆ ಇದೆ.

ಕಲಬುರಗಿಯಲ್ಲಿ ಕುಳಿತು ಇದನ್ನು ಕೇಳಿದವರಿಗೆ ಮೊದಲು ಬರುವುದು ನಗೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ೧೭ ಡಿಗ್ರಿಯಲ್ಲಿರುವ ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ನೆಟ್ಟಗೆ ಬಂದು ನಿಲ್ಲುತ್ತಾನೆ: ಮೇ ತಿಂಗಳ ಎರಡನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ಮೊದಲ ವಾರದಲ್ಲೊಮ್ಮೆ. ಆ ದಿನಗಳ ನಡುಹಗಲಿನಲ್ಲಿ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬೇಸಗೆಯಲ್ಲಿ ಸರ್ಕಾರಿ ಕಚೇರಿಗಳೇ ಇಲ್ಲಿ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪರಿಪಾಠವುಂಟು. ಇಂಥಲ್ಲಿ ದೀಪದ ಪೆಟ್ಟಿಗೆಯೊಳಗೆ ಹೋಗಿ ಕಂದಬೇಕಾದವರು ಯಾರು?

ಆದರೂ ಆ ಪ್ರಶ್ನಪತ್ರದ ಹಿಂದಿರುವ ಪ್ರಶ್ನೆ ನಮ್ಮದೂ ಹೌದು. ಅದು ಹುಟ್ಟಿದ ಬಗೆಯನ್ನು ತಿಳಿದರೆ ಇದು ಸ್ಪಷ್ಟವಾದೀತು.

ಆರು ವರ್ಗಗಳ ಈ ಎಣಿಕೆಗೆ ಮೂಲಪುರುಷ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಚರ್ಮವೈದ್ಯ ಥಾಮಸ್ ಫಿಟ್ಸ್‌ಪ್ಯಾಟ್ರಿಕ್, ಕಾಲ ೧೯೭೫. ಸೋರಿಯಾಸಿಸ್ ಎಂಬ ಹಟಮಾರಿ ಚರ್ಮರೋಗಕ್ಕೆ ಆತನೂ ಜೊತೆಯವರೂ ಒಂದು ಹೊಸ ಚಿಕಿತ್ಸೆಯನ್ನು ಪ್ರಯೋಗಿಸುತ್ತಿದ್ದರು. ಸೊರಾಲೆನ್ ಎಂಬ ಔಷಧವನ್ನು ನುಂಗಿಸಿ, ಆಮೇಲೆ ನೇರಳಾತೀತ ದೀಪದ ಮುಂದೆ ರೋಗಿಯನ್ನು ನಿಲ್ಲಿಸುವುದು ಆ ಚಿಕಿತ್ಸೆಯ ಕ್ರಮ. ಎಷ್ಟು ಹೊತ್ತು ನಿಲ್ಲಿಸಬೇಕು? ಕೂದಲೂ ಕಣ್ಣೂ ಕಪ್ಪಾಗಿದ್ದವರು ಹೆಚ್ಚು ಬೆಳಕನ್ನು ತಾಳಿಯಾರೆಂದು ಮೊದಲು ಎಣಿಸಿದ್ದರು. ಹಾಗೆ ಎಣಿಸಿ ಕೊಟ್ಟಾಗ ಅಂಥ ಕೆಲವರ ಮೈ ಸುಟ್ಟುಹೋಯಿತು. ನೋಟಕ್ಕೆ ಕಾಣುವ ಬಣ್ಣ ಮೋಸಮಾಡಿತ್ತು. ಆಗ ಫಿಟ್ಸ್‌ಪ್ಯಾಟ್ರಿಕ್ ನೋಡುವುದನ್ನು ಬಿಟ್ಟು ಕೇಳತೊಡಗಿದ. ಬೇಸಗೆಯ ಆರಂಭದಲ್ಲಿ ಮೊದಲ ಸಲ ನಡುಹಗಲಿನ ಬಿಸಿಲಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೈಯೊಡ್ಡಿದರೆ, ಮರುದಿನ ಎಷ್ಟು ಉರಿಯುತ್ತದೆ? ವಾರ ಕಳೆದ ಮೇಲೆ ಎಷ್ಟು ಕಪ್ಪಾಗುತ್ತದೆ? ಈ ಎರಡು ಪ್ರಶ್ನೆಗಳೇ ಅವನ ಅಳತೆಗೋಲು.

ಯಾವಾಗಲೂ ಸುಟ್ಟು ಎಂದೂ ಕಂದದ ಚರ್ಮ ಮೊದಲನೆಯದು. ಸುಲಭವಾಗಿ ಸುಟ್ಟು ತುಸುವೇ ಕಂದುವುದು ಎರಡನೆಯದು. ಒಮ್ಮೊಮ್ಮೆ ಸುಟ್ಟು ಮೆಲ್ಲಮೆಲ್ಲನೆ ಕಂದುವುದು ಮೂರನೆಯದು. ಅಪರೂಪಕ್ಕೆ ಸುಟ್ಟು ಬೇಗನೆ ಕಂದುವುದು ನಾಲ್ಕನೆಯದು. ಮೊದಲಿಗೆ ಇದ್ದುದು ಈ ನಾಲ್ಕೇ, ಅದೂ ಬಿಳಿಯರಿಗಾಗಿ. ಕಂದು ಮೈಯವರಿಗಾಗಿ ಐದನೆಯದನ್ನೂ ಕಪ್ಪು ಮೈಯವರಿಗಾಗಿ ಆರನೆಯದನ್ನೂ ತರುವಾಯ ಸೇರಿಸಿದರು. ಇಲ್ಲೊಂದು ಸ್ವಾರಸ್ಯವಿದೆ. ಮೊದಲ ನಾಲ್ವರನ್ನು ಕೇಳಿ ವಿಂಗಡಿಸಿದವರು ಕೊನೆಯ ಇಬ್ಬರನ್ನು ನೋಡಿಯೇ ವಿಂಗಡಿಸಿಬಿಟ್ಟರು. ಬಣ್ಣವನ್ನು ನಂಬಬಾರದೆಂದು ಹುಟ್ಟಿದ ಅಳತೆ ನಮ್ಮಂಥವರ ಬಳಿಗೆ ಬರುವಷ್ಟರಲ್ಲಿ ಮತ್ತೆ ಬಣ್ಣದ ಪಟ್ಟಿಯಾಯಿತು. ೨೦೧೫ರಲ್ಲಿ ಮೊಬೈಲ್ ಫೋನಿನ ಎಮೋಜಿಗಳಿಗೆ ಮೈಬಣ್ಣ ಕೊಡಲು ಆರಿಸಿಕೊಂಡದ್ದೂ ಇದೇ ಅಳತೆಯನ್ನು. ಮೊದಲೆರಡನ್ನು ಒಂದುಗೂಡಿಸಿ ಐದು ಬಣ್ಣ ಮಾಡಿದರು. ನಮ್ಮ ವಿದ್ಯಾರ್ಥಿಗಳು ದಿನಕ್ಕೆ ಹತ್ತು ಸಲ ಬೆರಳಿನಿಂದ ಒತ್ತುವ ಆ ಹೆಬ್ಬೆಟ್ಟಿನ ಚಿತ್ರದ ಹಿಂದೆ ಚರ್ಮರೋಗಿಗಳ ಚಿಕಿತ್ಸೆಯ ಕಥೆಯೊಂದು ಅಡಗಿದೆಯೆಂಬುದು ಅವರಿಗೆ ತಿಳಿದಿರಲಾರದು.

ಈ ಕಥೆಯ ಬೇರು ನಮ್ಮ ನೆಲದಲ್ಲಿಯೂ ಇದೆ. ಆಯುರ್ವೇದದಲ್ಲಿ ಬಾಕುಚಿಯೆಂದೂ ಸೋಮರಾಜಿಯೆಂದೂ ಕರೆಯುವ ಗಿಡದ ಬೀಜವನ್ನು ತೊನ್ನಿಗೆ ಕೊಟ್ಟು ರೋಗಿಯನ್ನು ಬಿಸಿಲಿನಲ್ಲಿ ಕೂರಿಸುವ ಕ್ರಮ ಬಹು ಪುರಾತನವಾದುದು. ನೈಲ್ ನದಿಯ ದಂಡೆಯಲ್ಲಿ ಬೆಳೆಯುವ ಇನ್ನೊಂದು ಗಿಡದ ಬೀಜವನ್ನು ಈಜಿಪ್ಟಿನವರೂ ಹೀಗೆಯೇ ಬಳಸುತ್ತಿದ್ದರು. ೧೯೪೦ರ ದಶಕದಲ್ಲಿ ಕೈರೋದ ವೈದ್ಯ ಎಲ್ ಮೊಫ್ತಿ ಆ ಗಿಡದಿಂದ ತೆಗೆದ ಸಾರವನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ನೋಡಿದ. ಅದೇ ಸೊರಾಲೆನ್ ವರ್ಗದ ವಸ್ತು. ಸೊರಾಲೆನ್ ಎಂಬ ಹೆಸರಾದರೋ ಬಾಕುಚಿಯ ಸಸ್ಯಶಾಸ್ತ್ರೀಯ ನಾಮದಿಂದಲೇ ಬಂದದ್ದು. ಅಲ್ಲಿಂದ ಹಾರ್ವರ್ಡಿಗೆ, ಹಾರ್ವರ್ಡಿನಿಂದ ಮೈ ಕಂದಿಸುವ ಅಂಗಡಿಯ ಪ್ರಶ್ನಪತ್ರಕ್ಕೆ ವಿದ್ಯೆ ಹರಿದು ಹೋಯಿತು. ರೋಗಿಯನ್ನು ಕಾಪಾಡಲೆಂದು ಮಾಡಿದ್ದು ಗಿರಾಕಿಯನ್ನು ಒಪ್ಪಿಸಲು ಬಳಕೆಯಾಯಿತು.

ತೊನ್ನಿನ ಮಾತು ಬಂದುದರಿಂದ ಹೇಳುತ್ತೇನೆ. ಚರ್ಮದ ವರ್ಗವನ್ನು ಅರಿಯುವುದು ನಮ್ಮ ನಾಡಿನಲ್ಲಿ ನಿಜವಾಗಿ ಬೇಕಾಗುವುದು ಇಲ್ಲಿಯೆ. ತೊನ್ನು ಅಂಟುರೋಗವಲ್ಲ, ಕುಷ್ಠವಲ್ಲ. ಬಣ್ಣ ತಯಾರಿಸುವ ಜೀವಕೋಶಗಳು ಅಲ್ಲಲ್ಲಿ ನಾಶವಾಗುವುದಷ್ಟೆ. ಆದರೆ ಬಣ್ಣವಿಲ್ಲದ ಆ ಕಲೆ ಬಿಸಿಲಿಗೆ ಮೊದಲ ವರ್ಗದ ಚರ್ಮದಂತೆ ಸುಡುತ್ತದೆ. ಅದರ ಪಕ್ಕದಲ್ಲಿಯೇ ಐದನೆಯ ವರ್ಗದ ಕಂದುಚರ್ಮ ಏನೂ ಆಗದಂತೆ ಇರುತ್ತದೆ. ಒಂದೇ ತೋಳಿನ ಮೇಲೆ ಐರ್ಲೆಂಡೂ ಕಲಬುರಗಿಯೂ ನೆರೆಹೊರೆಯಾಗಿ ಬಾಳಬೇಕಾದ ಸ್ಥಿತಿ ಅದು! ಈಗಿನ ವೈದ್ಯರು ೩೧೧ ನ್ಯಾನೋಮೀಟರ್ ತರಂಗದ ಕಿರಣವನ್ನು ಕೊಳವೆದೀಪಗಳಿಂದ ಕೊಡುವಾಗ ಅತಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ಕಲೆ ನಸುಗೆಂಪಾಗುವುದನ್ನು ನೋಡಿಕೊಂಡು ಏರಿಸುತ್ತ ಹೋಗುವುದು ಇದಕ್ಕಾಗಿಯೆ. ಅಂಗಡಿಯ ಪೆಟ್ಟಿಗೆಗೂ ಆಸ್ಪತ್ರೆಯ ಪೆಟ್ಟಿಗೆಗೂ ಹೊರನೋಟದಲ್ಲಿ ಹೋಲಿಕೆಯುಂಟು. ಒಂದರ ಹಿಂದೆ ರೋಗವೂ ಲೆಕ್ಕವೂ ವೈದ್ಯನ ಕಣ್ಣೂ ಇವೆ. ಇನ್ನೊಂದರ ಹಿಂದೆ ಇರುವುದು ಬೆಡಗಿನ ಆಸೆ.

ಹಾಗಾದರೆ ವರ್ಗವನ್ನು ಅರಿತು ಮಲಗಿದರೆ ಆ ಇನ್ನೊಂದು ಪೆಟ್ಟಿಗೆಯೂ ನಿರಪಾಯವಾಗಲಾರದೆ? ಆಗಲಾರದು. ಕಾರಣವನ್ನು ಚರ್ಮವೇ ಹೇಳುತ್ತದೆ. ಮೆಲನಿನ್ ಎಂಬ ಕಪ್ಪುದ್ರವ್ಯವನ್ನು ಮಾಡುವ ಜೀವಕೋಶಗಳ ಸಂಖ್ಯೆ ಬಿಳಿಯನಲ್ಲಿಯೂ ಕರಿಯನಲ್ಲಿಯೂ ಹೆಚ್ಚು ಕಡಿಮೆ ಒಂದೇ. ಅವು ಮಾಡುವ ದ್ರವ್ಯದ ಬಗೆ ಬೇರೆ, ಪ್ರಮಾಣ ಬೇರೆ. ಆ ದ್ರವ್ಯದ ಕಣಗಳು ಚರ್ಮದ ಪ್ರತಿ ಕೋಶದ ನಡುವಿನ ಬೀಜಕೇಂದ್ರದ ಮೇಲೆ ಕೊಡೆಯಂತೆ ಕವಿದುಕೊಂಡು ಅದನ್ನು ಕಾಯುತ್ತವೆ. ಬಿಸಿಲಿಗೆ ಮೈ ಕಪ್ಪಾಗುವುದೆಂದರೆ ಆ ಕೊಡೆ ಇನ್ನಷ್ಟು ಬಿಚ್ಚಿಕೊಂಡಿತೆಂದು ಅರ್ಥ. ಅದು ಬಿಚ್ಚಿಕೊಳ್ಳುವುದಾದರೂ ಕಿರಣ ತಾಗಿ ಒಳಗಿನ ವಂಶತಂತುವಿಗೆ ಪೆಟ್ಟು ಬಿದ್ದ ಮೇಲೆ. ಮಳೆಯಲ್ಲಿ ನೆನೆದ ಮೇಲೆ ಬಿಚ್ಚಿದ ಕೊಡೆಯನ್ನು ತೋರಿಸಿ, ನಾನು ನೆನೆಯಲಿಲ್ಲವೆಂದು ಸಾಧಿಸಿದಂತೆ ಈ ವಾದ. ವರ್ಗದ ಅಂಕೆ ಹೇಳುವುದು ಪೆಟ್ಟು ಎಷ್ಟು ಬೇಗ ಕಣ್ಣಿಗೆ ಕಾಣುತ್ತದೆಂಬುದನ್ನು. ಪೆಟ್ಟು ಬೀಳುವುದಿಲ್ಲವೆಂದು ಅದು ಎಲ್ಲಿಯೂ ಹೇಳಿಲ್ಲ. ಮೊದಲ ವರ್ಗದವರಿಗಂತೂ ದೀಪದಿಂದ ಬಣ್ಣವೇ ಬಾರದು, ಬರುವುದು ಸುಟ್ಟಗಾಯ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೯ರಲ್ಲಿ ಈ ದೀಪದ ಮಂಚಗಳನ್ನು ತಂಬಾಕು ಇರುವ ಪಟ್ಟಿಗೇ ಸೇರಿಸಿತು. ಮೂವತ್ತು ತುಂಬುವ ಮುನ್ನ ಇವನ್ನು ಬಳಸತೊಡಗಿದವರಲ್ಲಿ ಮೆಲನೋಮ ಎಂಬ ಮಾರಕ ಚರ್ಮಕ್ಯಾನ್ಸರಿನ ಸಂಭವ ಶೇಕಡ ೭೫ರಷ್ಟು ಹೆಚ್ಚೆಂದು ಅದು ತಿಳಿಸಿತು. ಬ್ರೆಜಿಲ್ ಅದೇ ವರ್ಷ ಇವನ್ನು ನಿಷೇಧಿಸಿತು. ಆಸ್ಟ್ರೇಲಿಯದ ರಾಜ್ಯಗಳೂ ಒಂದೊಂದಾಗಿ ಈ ವ್ಯಾಪಾರವನ್ನು ನಿಲ್ಲಿಸಿದವು.

ಇದನ್ನೋದಿ ನಮ್ಮವರು ನೆಮ್ಮದಿಯ ಉಸಿರು ಬಿಡಬಹುದು. ನಮಗೆ ದೀಪವೂ ಬೇಡ, ಆ ಭಯವೂ ಇಲ್ಲ. ನಮ್ಮ ಮೈ ಬಿಸಿಲಿಗೆ ಪಳಗಿದ್ದು ಎಂದುಕೊಳ್ಳಬಹುದು. ಇದರಲ್ಲಿ ಅರ್ಧ ಸತ್ಯವಿದೆ. ಕಡುಗಪ್ಪು ಮೈಯ ಹೊರಪದರ ನೇರಳಾತೀತ ಕಿರಣವನ್ನು ಬಿಳಿಯ ಮೈಗಿಂತ ಸುಮಾರು ನಾಲ್ಕು ಪಾಲು ಹೆಚ್ಚು ತಡೆಯುತ್ತದೆಂದು ೧೯೭೯ರ ಅಧ್ಯಯನವೊಂದು ತೋರಿಸಿತು. ಉಳಿದ ಅರ್ಧವನ್ನು ನನಗೆ ತಿಳಿಯಹೇಳಿದವನು ಕಮಲಾಪುರದ ಒಬ್ಬ ಬಾಳೆಯ ರೈತ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸಿಕ್ಕುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಗುರುತಿನ ಮುದ್ರೆಯೂ ದೊರೆತಿದೆ. ಸಿಪ್ಪೆ ಮಾತ್ರ ಕೆಂಪು. ಸುಲಿದರೆ ಒಳಗೆ ಎಲ್ಲ ಬಾಳೆಯಂತೆ ಕೆನೆಯ ಬಣ್ಣದ ತಿರುಳು. ಅಲ್ಲಿಯ ತೋಟವೊಂದರಲ್ಲಿ ಬೇಸಗೆಯ ಬೆಳಿಗ್ಗೆ ವಯಸ್ಸಾದ ರೈತನೊಬ್ಬ ಗೊನೆಗಳಿಗೆ ಒಣಗಿದ ಬಾಳೆಯ ಎಲೆಯನ್ನು ಸುತ್ತಿ ಕಟ್ಟುತ್ತಿದ್ದ. ಬಿಸಿಲಿಗೆ ಸಿಪ್ಪೆ ಸುಡದಿರಲೆಂದು ಆ ಉಪಾಯ.

"ಕೆಂಪು ಸಿಪ್ಪಿಗೂ ಬಿಸಿಲು ಹತ್ತತದೇನು ಕಾಕಾ?" ಎಂದು ಕೇಳಿದೆ.

"ಕೆಂಪಿದ್ರೇನ್ರಿ ಸರ್, ಹಸರಿದ್ರೇನ್ರಿ. ಬಿಸಿಲು ಬಣ್ಣ ನೋಡಂಗಿಲ್ಲ. ಗೊನಿ ಯಾವ ದಿಕ್ಕಿಗಿ ಅದ, ಎಷ್ಟೊತ್ತು ಅದ, ಅಷ್ಟೇ ನೋಡ್ತದ" ಎಂದ.

ಮಾತನಾಡುತ್ತ ಹೆಗಲ ಮೇಲಿನ ಟವೆಲಿನಿಂದ ಬೆವರೊರಸಿಕೊಳ್ಳಲು ತೋಳೆತ್ತಿದಾಗ ಅಂಗಿಯ ತೋಳು ಮೇಲೆ ಸರಿಯಿತು. ಮುಂಗೈ ಕರಿಯ ನೆಲದಂತೆ. ರಟ್ಟೆಯ ಒಳಮಗ್ಗುಲು ಗೋಧಿಯ ಬಣ್ಣ. ಚರ್ಮವೈದ್ಯರು ಒಬ್ಬನ ಹುಟ್ಟುಬಣ್ಣವನ್ನು ಹುಡುಕುವುದು ಬಿಸಿಲು ಕಾಣದ ಆ ಒಳತೋಳಿನಲ್ಲಿಯೇ. ಮುಂಗೈಯಲ್ಲಿರುವುದು ಸಂಪಾದಿಸಿದ ಬಣ್ಣ. ಹೊಲದಲ್ಲಿ ಕಳೆದ ವರ್ಷಗಳ ಲೆಕ್ಕ. ಎರಡಕ್ಕೂ ಇರುವ ಅಂತರ ಹೆಚ್ಚಿದಷ್ಟೂ ಆ ಮೈ ತಾಳಿಕೊಂಡ ಬಿಸಿಲು ಹೆಚ್ಚು. ಶಹಾಬಾದಿನ ಗಣಿಗಳಲ್ಲಿ ತಲೆಯ ಮೇಲಿನ ಬಿಸಿಲಿನೊಂದಿಗೆ ಬಿಳಿಚು ಕಲ್ಲಿನಿಂದ ಹೊಮ್ಮುವ ಬಿಸಿಲನ್ನೂ ಉಣ್ಣುತ್ತ ಫರಸಿ ಒಡೆಯುವವರು, ತೊಗರಿಯ ಹೊಲದಲ್ಲಿ ಬಾಗಿದವರು, ರಸ್ತೆಗೆ ಡಾಂಬರು ಹಾಕುವವರು—ಇವರ ಚರ್ಮ ಸುಟ್ಟು ಕೆಂಪಾಗದಿರಬಹುದು. ಆದರೆ ಕೆನ್ನೆಯ ಮೇಲೆ ಬಂಗು ಕೂರುತ್ತದೆ, ಕತ್ತಿನ ಹಿಂದೆ ಚರ್ಮ ದಡ್ಡುಗಟ್ಟುತ್ತದೆ, ಕಣ್ಣಿಗೆ ಪೊರೆ ಬೇಗ ಬರುತ್ತದೆ. ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ವಿರಳವೆಂಬುದು ನಿಜ. ಬಂದಾಗ ಅದು ಅಂಗಾಲು, ಅಂಗೈ, ಉಗುರಿನ ಕೆಳಗೆ, ಅಂದರೆ ಬಿಸಿಲೇ ತಾಗದ ಎಡೆಗಳಲ್ಲಿ ಬರುವುದುಂಟು. ನಮಗದು ಬಾರದೆಂಬ ಧೈರ್ಯದಿಂದಲೇ ಗುರುತಿಸುವುದು ತಡವಾಗುತ್ತದೆ. ಜಮೈಕದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿ ೧೯೮೧ರಲ್ಲಿ, ತನ್ನ ೩೬ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲಿನ ಹೆಬ್ಬೆರಳ ಉಗುರಿನಡಿ ತೊಡಗಿದ ಮೆಲನೋಮದಿಂದ. ಇನ್ನೊಂದು ಕಡೆ, ಕಪ್ಪು ಮೈಗೆ ಡಿ ಜೀವಸತ್ವವನ್ನು ತಯಾರಿಸಲು ಹೆಚ್ಚು ಹೊತ್ತಿನ ಬಿಸಿಲು ಬೇಕು. ಕಪ್ಪಾದೇವೆಂದು ಸದಾ ಮುಸುಕಿನಲ್ಲಿಯೇ ಇರುವವರಿಗೆ ಬಿಸಿಲಿನ ನಾಡಿನಲ್ಲಿಯೂ ಅದರ ಕೊರತೆಯಾಗುವುದು ಇದರಿಂದಲೇ. ಹೀಗೆ ಐದನೆಯ ವರ್ಗದವರಿಗೂ ತಮ್ಮ ಚರ್ಮದ ಗುಣವನ್ನು ತಿಳಿಯುವ ಅಗತ್ಯ ತಪ್ಪಿದ್ದಲ್ಲ.

ಗುಣವನ್ನು ತಿಳಿಯುವ ಬದಲು ನಾವು ಮಾಡುತ್ತಿರುವುದೇನು? ಬಣ್ಣಕ್ಕೆ ಬೆಲೆ ಕಟ್ಟುತ್ತಿದ್ದೇವೆ. ಫಿಟ್ಸ್‌ಪ್ಯಾಟ್ರಿಕ್ ತನ್ನ ಅಳತೆಗೋಲನ್ನು ರೂಪಿಸಿದ ೧೯೭೫ರಲ್ಲಿಯೇ ನಮ್ಮ ದೇಶದ ಅಂಗಡಿಗಳಿಗೆ ಫೇರ್ ಅಂಡ್ ಲವ್ಲಿ ಎಂಬ ಲೇಪ ಬಂದಿತು. ಒಂದೇ ವರ್ಷದಲ್ಲಿ ಎರಡು ಅಳತೆಗಳು ಹುಟ್ಟಿದುವೆನ್ನಬೇಕು: ಒಂದು ಚರ್ಮದ ತಾಳಿಕೆಯನ್ನು ಕೇಳುವುದು, ಇನ್ನೊಂದು ಚರ್ಮದ ಛಾಯೆಯನ್ನು ಎಣಿಸುವುದು. ಮನೆಮನೆಗೆ ಬಂದದ್ದು ಎರಡನೆಯದು. ೨೦೨೦ರಲ್ಲಿ ಆ ಲೇಪದ ಹೆಸರಿನಿಂದ ಬಿಳುಪಿನ ಮಾತನ್ನು ತೆಗೆದು ಗ್ಲೋ ಅಂಡ್ ಲವ್ಲಿ ಎಂದು ಮಾಡಿದರು. ಹೆಸರು ಬದಲಾದಷ್ಟು ಬೇಗ ಹೆಣ್ಣು ನೋಡಲು ಬಂದವರ ಕಣ್ಣು ಬದಲಾಗಲಿಲ್ಲ. "ಹುಡುಗಿ ಬಣ್ಣ ಹ್ಯಾಂಗದ್ರಿ?" ಎಂಬುದು ನಮ್ಮ ಕಡೆ ಇಂದಿಗೂ ಮೊದಲ ಪ್ರಶ್ನೆ, "ಕೆಂಪ ಅದಾಳ" ಎಂಬುದು ಮೆಚ್ಚಿಕೆಯ ಉತ್ತರ.

ಆ ಪ್ರಶ್ನೆಗೆ ತೆತ್ತ ಬೆಲೆಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ತರಗತಿಯಲ್ಲಿ ಕಮಲಾಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಕಲಬುರಗಿಗೆ ಓದಲು ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ಚುರುಕು ಬುದ್ಧಿ, ಎಣ್ಣೆಗಪ್ಪು ಮೈ. ವರನ ಕಡೆಯವರು ನೋಡಲು ಬರುವರೆಂದು ಮನೆಯವರು ಯಾವುದೋ ಅಂಗಡಿಯಿಂದ ಚೀಟಿಯಿಲ್ಲದೆ ಒಂದು ಮುಲಾಮನ್ನು ತಂದುಕೊಟ್ಟರು. ಮೊದಲ ಕೆಲವು ವಾರ ಮುಖ ಹೊಳೆಯಿತು, ಎಲ್ಲರೂ ಹೊಗಳಿದರು. ಬಿಟ್ಟರೆ ಉರಿ, ಹಚ್ಚಿದರೆ ಶಮನ, ಹೀಗಾಗಿ ಬಿಡಲಾಗಲಿಲ್ಲ. ತಿಂಗಳುಗಳು ಕಳೆದಂತೆ ಕೆನ್ನೆ ಕೆಂಡದಂತೆ ಕೆಂಪಾಗಿ, ಚರ್ಮ ತೆಳುವಾಗಿ ನರಗಳು ಕಾಣತೊಡಗಿ, ಮೊಡವೆಯೂ ರೋಮವೂ ಎದ್ದವು. ಅವಳು ತರಗತಿಗೆ ಬರುವುದನ್ನೇ ಬಿಟ್ಟಳು. ವೈದ್ಯರು ನೋಡಿ, ಅದರಲ್ಲಿ ಸ್ಟೀರಾಯ್ಡ್ ಇದೆಯೆಂದು ಹೇಳಿ ನಿಲ್ಲಿಸಿದರು. ಬಹಳ ದಿನಗಳ ಮೇಲೆ ಸಿಕ್ಕಾಗ ಅವಳು ಹೇಳಿದ ಮಾತು ಇಷ್ಟು:

"ಸರ್, ಬಿಸಿಲಿಗಿ ಅಂಜಿ ಹಚ್ಚಿಕೊಂಡಿದ್ದೆರಿ. ಈಗ ಬಿಸಿಲಾಗ ಹೊರಗ ಬರ್ಲಿಕ್ಕೇ ಆಗವಲ್ದು."

ಇದಕ್ಕಿಂತ ಕ್ರೂರವಾದ ವ್ಯಂಗ್ಯ ಇನ್ನೇನಿದ್ದೀತು? ಹುಟ್ಟಿನಿಂದ ಬಂದ ಕೊಡೆಯನ್ನು ದೋಷವೆಂದು ನಂಬಿಸಿ ಅವಳ ಕೈಯಿಂದಲೇ ಅದನ್ನು ಹರಿಸಿದೆವು. ಐದನೆಯ ವರ್ಗದ ಗಟ್ಟಿಚರ್ಮ ಮೊದಲ ವರ್ಗದ ದೌರ್ಬಲ್ಯಕ್ಕೆ ಇಳಿದುಬಿಟ್ಟಿತು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ಅದು ಅಲಂಕಾರದ ವಸ್ತುವಲ್ಲ, ರೋಗಕ್ಕೆ ಕೊಡುವ ಔಷಧ. ೨೦೧೮ರಲ್ಲಿ ಕೇಂದ್ರ ಸರ್ಕಾರ ಇಂಥ ೧೪ ಸ್ಟೀರಾಯ್ಡ್‌ಗಳ ಲೇಪಗಳನ್ನು ವೈದ್ಯರ ಚೀಟಿಯ ಮೇಲೆಯೇ ಮಾರಬೇಕೆಂದು ವಿಧಿಸಿತು. ವಿಧಿ ಕಾಗದದ ಮೇಲಿದೆ. ಟ್ಯೂಬಿನ ಮೇಲಿನ ಅಕ್ಷರಗಳನ್ನು ಓದಿ ನೋಡುವ ಕೆಲಸ ಮನೆಯವರದು.

ಕಪ್ಪನ್ನು ಕೀಳೆಂದು ಎಣಿಸುವುದು ನಮ್ಮ ಪರಂಪರೆಯೆಂದು ಯಾರಾದರೂ ಹೇಳಿದರೆ, ಅವರು ಪರಂಪರೆಯನ್ನು ಅರೆಬರೆ ಓದಿದವರು. ಮಹಾಭಾರತದ ನಾಯಿಕೆಗೆ ಕೃಷ್ಣೆಯೆಂದೇ ಹೆಸರು. ಅದನ್ನು ರಚಿಸಿದ ಋಷಿಗೂ ಕೃಷ್ಣನೆಂದೇ ಹೆಸರು. ರಾಮನೂ ಶ್ಯಾಮ, ಗೋಪಾಲನೂ ಶ್ಯಾಮ. ಇನ್ನು ವಿಜ್ಞಾನ ಹೇಳುವುದೇನು? ಪಟ್ಟೆಮೀನಿನ ಬಣ್ಣವನ್ನು ತಿಳಿಗೊಳಿಸುವ ಒಂದು ಜೀನನ್ನು ೨೦೦೫ರಲ್ಲಿ ಕಂಡುಹಿಡಿದರು. ಅದೇ ಜೀನು ಮನುಷ್ಯನ ಮೈಬಣ್ಣದಲ್ಲಿಯೂ ಕೈಯಾಡಿಸುತ್ತದೆಂದು ತಿಳಿಯಿತು. ನಮ್ಮ ನೆರೆಯ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಸೇರಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವು, ಆ ಜೀನಿನ ಒಂದೇ ಒಂದು ಅಕ್ಷರದ ವ್ಯತ್ಯಾಸ ಭಾರತೀಯರ ಮೈಬಣ್ಣದ ವೈವಿಧ್ಯದಲ್ಲಿ ದೊಡ್ಡ ಪಾತ್ರ ವಹಿಸುತ್ತದೆಂದೂ, ಯೂರೋಪಿನವರಿಗೂ ನಮಗೂ ಅದು ಒಂದೇ ಮೂಲದಿಂದ ಬಂದುದೆಂದೂ ತೋರಿಸಿತು. ಒಂದು ಅಕ್ಷರದ ಪಾಠಾಂತರ, ಅಷ್ಟೆ. ಹಳೆಯ ಓಲೆಗರಿಗಳನ್ನು ಪರಿಷ್ಕರಿಸುವ ವಿದ್ವಾಂಸರು ಪಾಠಾಂತರವೊಂದನ್ನು ಕಂಡು ಕಾವ್ಯದ ಬೆಲೆಯನ್ನು ಇಳಿಸುವುದಿಲ್ಲವಷ್ಟೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಬಿನ್ನಹ. ಚರ್ಮದ ಪಾಠಕ್ಕೆ ಪ್ರಯೋಗಶಾಲೆ ಬೇಕಿಲ್ಲ; ಶಾಲೆಯ ಅಂಗಳ ಸಾಕು. ಮಕ್ಕಳನ್ನು ಬಿಸಿಲಿನಲ್ಲಿ ಒಂದು ಗಳಿಗೆ ನಿಲ್ಲಿಸಿ ಅವರವರ ನೆರಳನ್ನು ಅಳೆಯಿಸಿ. ನೆರಳು ಆಳಿಗಿಂತ ಗಿಡ್ಡವಾಗಿದ್ದರೆ ನೇರಳಾತೀತ ಕಿರಣ ತೀಕ್ಷ್ಣವೆಂದು ತಿಳಿಯಬೇಕು. ಉದ್ದವಾಗಿದ್ದರೆ ಅಷ್ಟು ಅಂಜಬೇಕಿಲ್ಲ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಸುಮಾರು ಒಂಬತ್ತು ಗಂಟೆ ದಾಟಿದಾಗಿನಿಂದ ಮೂರು ಗಂಟೆ ದಾಟುವವರೆಗೂ ನೆರಳು ಗಿಡ್ಡವೇ. ಡಿಸೆಂಬರಿನ ನಡುಹಗಲಿನಲ್ಲಿಯೂ ಅದು ಆಳಿಗಿಂತ ತುಸು ಗಿಡ್ಡವಾಗಿರುವುದನ್ನು ಕಂಡು ಮಕ್ಕಳು ಬೆರಗಾದಾರು. ಆಮೇಲೆ ಪ್ರತಿಯೊಬ್ಬರೂ ತಮ್ಮ ಮುಂಗೈಯನ್ನೂ ಒಳತೋಳನ್ನೂ ಹೋಲಿಸಿ ನೋಡಲಿ. ಪಕ್ಕದವರ ತೋಳಿನೊಡನೆ ಹೋಲಿಸಬೇಕಾದ ಅಗತ್ಯವಿಲ್ಲ.

ಹೆಣ್ಣು ನೋಡುವ ಮನೆಗಳಲ್ಲಿ ಬಣ್ಣದ ಪ್ರಶ್ನೆ ಒಂದು ದಿನದಲ್ಲಿ ನಿಂತುಹೋಗುವುದೆಂಬ ಭ್ರಮೆ ನನಗಿಲ್ಲ. ಆದರೆ ಅಂಗಳದಲ್ಲಿ ನೆರಳು ಅಳೆದು ಬೆಳೆದ ಹುಡುಗಿಗೆ ಮುಂದೆ ಯಾರಾದರೂ ಚೀಟಿಯಿಲ್ಲದ ಟ್ಯೂಬೊಂದನ್ನು ಕೈಗಿಟ್ಟಾಗ, ಇದರಲ್ಲಿ ಏನಿದೆಯೆಂದು ತಿರುಗಿಸಿ ಓದುವಷ್ಟು ಧೈರ್ಯ ಬಂದರೆ ಆ ಪಾಠ ಸಾರ್ಥಕ.